ಅಪ್ಪಯ್ಯನ ಮೌನ

ದಿಲೀಪ ಕುಡಿತ ಬಿಟ್ಟಿದ್ದು ಸುಬ್ಬಣ್ಣನವರ ಕಾಫಿ ಕಣದಲ್ಲಿ. ಅದನ್ನು ಅವನ ಹೆಂಡತಿ ದೀಪಶ್ರೀ ಇವತ್ತಿಗೂ ಅಲ್ಲಗಳೆಯುವುದಿಲ್ಲ.

ದಿಲೀಪ ಮೂಡಿಗೆರೆ ಹತ್ತಿರದ ಎಸ್ಟೇಟೊಂದರಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಯಾವ ಬ್ಲಾಕಿಗೆ ಎಷ್ಟು ಜನ ಹೋದರು ಎಂದು ಗುರುತು ಹಾಕುವುದು ಅವನ ಕೆಲಸ. ಅಕ್ಷರ ಅಚ್ಚು ಹಾಕಿದ ಹಾಗೆ. ಬೆಳಿಗ್ಗೆ ಅಷ್ಟು ಚೆಂದ ಬರೆಯುವ ಕೈ ಸಂಜೆ ಐದಕ್ಕೆಲ್ಲ ನಡುಗಲು ಶುರುವಾಗುತ್ತಿತ್ತು. ಎಂಟು ವರ್ಷ ಹಾಗೇ ನಡೆಯಿತು. ದೀಪಶ್ರೀ ಊರಿನ ಬ್ರಾಂಚ್ ಪೋಸ್ಟ್ ಆಫೀಸು ನೋಡಿಕೊಳ್ಳುತ್ತಿದ್ದಳು. ಪಂಚಾಯ್ತಿ ಕಟ್ಟಡದ ಮುಂದಿನ ಕೋಣೆಯೇ ಆಫೀಸು. ಕಾಗದ ತೆಗೆದುಕೊಳ್ಳುವವಳೂ ಅವಳೇ, ಮನೆಮನೆಗೆ ಕೊಡುವವಳೂ ಅವಳೇ. ಹಾಗಾಗಿ ಗಂಡ ಯಾವ ತಿರುವಿನಲ್ಲಿ ಬಿದ್ದಿದ್ದಾನೆ ಎಂಬ ಸುದ್ದಿ ದಿನವೂ ಅವಳಿಗೇ ಮೊದಲು ಬರುತ್ತಿತ್ತು.

ಸುಬ್ಬಣ್ಣ ಆರೆಕರೆ ತೋಟದ ಸಣ್ಣ ಬೆಳೆಗಾರ. ಅವರೂ ಇಪ್ಪತ್ತು ವರ್ಷ ಕುಡಿದವರೇ. ಹೆಂಡತಿ ತೀರಿಕೊಂಡು, ಒಬ್ಬಳೇ ಮಗಳು ಸುಪ್ರಿಯಾ ಮಾತು ಬಿಟ್ಟು ಹಾಸನಕ್ಕೆ ಹೋದ ಮೇಲೆ ಒಂದು ದಿನ ಬಿಟ್ಟರು. ಬಿಟ್ಟವರು ಸುಮ್ಮನಿರಲಿಲ್ಲ. ಭಾನುವಾರ ಬೆಳಿಗ್ಗೆ ಕಾಫಿ ಒಣಗಿಸುವ ತಮ್ಮ ಕಣದಲ್ಲಿ ಜಮಖಾನ ಹಾಸಿ, ದೀಪ ಹಚ್ಚಿ, ನಾಲ್ಕು ಜನ ಕುಡುಕರನ್ನು ಕೂರಿಸಿಕೊಂಡು ಭಜನೆ ಶುರು ಮಾಡಿದರು. ಭಜನೆ ಮುಗಿದ ಮೇಲೆ ಯಾರಿಗೆ ಏನು ಹೇಳಬೇಕು ಅನ್ನಿಸುತ್ತದೋ ಅದನ್ನು ಬಿಚ್ಚಿ ಹೇಳುವುದು. ಉಳಿದವರು ಕೇಳುವುದು. ಆಮೇಲೆ ಕಾಫಿ, ಕಡುಬು. ಅಷ್ಟೇ.

"ನಾನು ಗುರುವೂ ಅಲ್ಲ, ಎಂತದೂ ಅಲ್ಲ," ಎಂದು ಮೊದಲ ದಿನವೇ ಅವರು ದಿಲೀಪನಿಗೆ ಹೇಳಿದ್ದರು. "ಇವತ್ತು ಕುಡೀದೆ ಇದೀನಿ, ಅಷ್ಟೇ ಮಾರಾಯ. ನೀನೂ ಇವತ್ತೊಂದಿನ ಕೂತ್ಕೋ."

ದಿಲೀಪ ಕೂತ. ಮುಂದಿನ ವಾರವೂ ಕೂತ. ಆರು ತಿಂಗಳಿಗೆ ಅವನ ಕೈ ನಡುಗುವುದು ನಿಂತಿತು.

ಆ ವರ್ಷದ ಕೊನೆಯಲ್ಲಿ ದೀಪಶ್ರೀಯೂ ಕಣದಲ್ಲಿ ಎದ್ದು ನಿಂತು ಒಂದು ವಿಷಯ ಹೇಳಿದಳು. ಆಷಾಢದ ಒಂದು ಸಂಜೆ ಆಫೀಸು ಮುಚ್ಚಿ ಮನೆಗೆ ನಡೆದು ಬರುವಾಗ ಮೋರಿಯ ಪಕ್ಕ ದಿಲೀಪನ ಬೈಕು ಬಿದ್ದಿತ್ತು. ಅವನು ಚರಂಡಿಯಲ್ಲಿ ಅಂಗಾತ ಬಿದ್ದಿದ್ದ. ಮಳೆ ಮುಖಕ್ಕೇ ಹೊಡೆಯುತ್ತಿತ್ತು. ಉಸಿರಾಡುತ್ತಿದ್ದಾನೆ ಎಂಬುದನ್ನು ಅವಳು ನಿಂತು ನೋಡಿದಳು. ಆಮೇಲೆ ಕೊಡೆ ಸರಿಮಾಡಿಕೊಂಡು ಮನೆಗೆ ಹೋದಳು. ಮಗಳು ಧನ್ಯಾಗೆ ರೊಟ್ಟಿ ತಟ್ಟಿ ಕೊಟ್ಟಳು, ಅವಳ ಪಾಠ ಒಪ್ಪಿಸಿಕೊಂಡಳು. ಒಂದು ಗಂಟೆ ಕಳೆದ ಮೇಲೆ ಪಕ್ಕದ ಮನೆಯ ಟ್ರ್ಯಾಕ್ಟರ್ ಡ್ರೈವರ್ ಜವರಯ್ಯನನ್ನು ಕರೆದುಕೊಂಡು ಹೋಗಿ ಎತ್ತಿಸಿದಳು.

"ಆ ಒಂದು ಗಂಟೇಲಿ ಇವ್ರು ಹೋಗ್ಬಿಡ್ಲಿ ಅಂತ ಕಾಯ್ತಾ ಇದ್ದೆ," ಎಂದಳು.

ಸುಬ್ಬಣ್ಣ, "ಇಷ್ಟು ದಿನ ಒಬ್ಬಳೇ ಹೊತ್ಕೊಂಡಿದ್ದಿ. ಇಲ್ಲೇ ಇಳಿಸಿ ಹೋಗಮ್ಮ," ಎಂದರು. ದಿಲೀಪ ಅವತ್ತು ಅತ್ತ. ಮನೆಗೆ ಹೋಗುವ ದಾರಿಯಲ್ಲಿ ಎಷ್ಟೋ ವರ್ಷದ ಮೇಲೆ ಅವಳ ಕೈ ಹಿಡಿದುಕೊಂಡು ನಡೆದ. ಮದುವೆಯಾದ ಮೇಲೆ ಅಷ್ಟು ಹಗುರವಾದ ದಿನ ಇನ್ನೊಂದನ್ನು ಅವಳು ಕಂಡಿರಲಿಲ್ಲ.

ಹರ್ಷವರ್ಧನ ಬಂದದ್ದು ಅದಾಗಿ ಒಂದು ವರ್ಷಕ್ಕೆ. ಚಿಕ್ಕಮಗಳೂರಿನಲ್ಲಿ ಯಾವುದೋ ಔಷಧಿ ಕಂಪನಿಯ ಸೇಲ್ಸ್ ಮ್ಯಾನೇಜರ್ ಆಗಿದ್ದವನು. ಕುಡಿದು ಕೆಲಸ ಕಳೆದುಕೊಂಡಿದ್ದ. ಕಣಕ್ಕೆ ಬಂದು ನಾಲ್ಕೇ ತಿಂಗಳಲ್ಲಿ ಪೂರ್ತಿ ಬಿಟ್ಟ. ಅದು ನಾಟಕವಾಗಿರಲಿಲ್ಲ. ಕೃತಜ್ಞತೆಯಿಂದ ಅವನು ಒದ್ದಾಡುತ್ತಿದ್ದ. ಇಂಥದ್ದು ಬರೀ ಮೂವತ್ತು ಜನಕ್ಕೆ ಸಿಕ್ಕರೆ ಸಾಕೇ ಎಂದು ಎಲ್ಲರನ್ನೂ ಕೇಳುತ್ತಿದ್ದ. ಯಾರ ಕಷ್ಟವೂ ಮರೆತುಹೋಗಬಾರದು, ಒಬ್ಬೊಬ್ಬರ ಹೆಸರಿನಲ್ಲೂ ಪ್ರಾರ್ಥನೆ ಆಗಬೇಕು ಎಂದು ಹೇಳಿ, ಕಣದಲ್ಲಿ ಜನ ಹೇಳಿಕೊಳ್ಳುವುದನ್ನೆಲ್ಲ ಬರೆದಿಡುವ ಕೆಲಸವನ್ನು ದಿಲೀಪನಿಗೆ ಒಪ್ಪಿಸಿದ. ದಿಲೀಪನಿಗೆ ಹೆಮ್ಮೆಯಾಯಿತು. ಹಳೆಯದನ್ನೂ ನೆನಪು ಮಾಡಿಕೊಂಡು ಬರೆದ. ದಪ್ಪ ರಟ್ಟಿನ ಪುಸ್ತಕ, ಹಾಜರಿ ಪುಸ್ತಕದ ಹಾಗೆಯೇ.

ಆಮೇಲೆ ಒಂದೊಂದೇ ನಿಯಮ ಬಂತು. ಒಂದೊಂದಕ್ಕೂ ಕಾರಣ ಇತ್ತು. ಯಾರೋ ಒಬ್ಬ ಅಳುತ್ತಿದ್ದ ಹೆಂಗಸಿನ ವಿಡಿಯೋ ತೆಗೆದು ವಾಟ್ಸಾಪಿನಲ್ಲಿ ಹಾಕಿದ್ದ. ಅದಕ್ಕೆ ಫೋನು ಗೇಟಿನಲ್ಲೇ ಇಡಬೇಕು. ಆಳು ಯಾರು, ಧಣಿ ಯಾರು ಎಂಬುದು ಕಾಣಬಾರದು. ಅದಕ್ಕೆ ಎಲ್ಲರಿಗೂ ಬಿಳಿ ಬಟ್ಟೆ. ಮದುವೆ ಮನೆಗಳಲ್ಲಿ ಕುಡಿತ ಇರುತ್ತದೆ. ಅದಕ್ಕೆ ಬಳಗದವರು, ಅಂದರೆ ಕಣಕ್ಕೆ ಬರುವವರು, ಹೊರಗಿನ ಮದುವೆಗೆ ಹೋಗಬಾರದು. ಬಿಟ್ಟುಹೋದವರು ನಮ್ಮನ್ನೂ ಎಳೆಯುತ್ತಾರೆ. ಅದಕ್ಕೆ ಅವರ ಜೊತೆ ಮಾತು ಬೇಡ. ಎರಡನೇ ಜನ್ಮ ಕೊಟ್ಟವರನ್ನು ಹೆಸರು ಹಿಡಿದು ಕರೆಯುವುದು ಹೇಗೆ? ಅದಕ್ಕೆ ಸುಬ್ಬಣ್ಣನವರು ಅಪ್ಪಯ್ಯ ಆದರು. ದೀಪಶ್ರೀಯೂ ಬಿಳಿ ಬಟ್ಟೆ ಹೊಲಿದಳು. ಫೋನಿನ ವಿಷಯಕ್ಕಂತೂ ಮೊದಲು ಕೈ ಎತ್ತಿದವಳೇ ಅವಳು. ಆದರೆ ಸುಬ್ಬಣ್ಣನವರನ್ನು ಮೊದಲಿನಿಂದ ಮಾವ ಎನ್ನುತ್ತಿದ್ದವಳಿಗೆ ಅಪ್ಪಯ್ಯ ಎನ್ನಲು ನಾಲಿಗೆ ಹೊರಳಲಿಲ್ಲ.

ಮೂರು ವರ್ಷದ ಹಿಂದೆ, ಕಾಫಿ ಹಣ್ಣು ಕೊಯ್ಲಿನ ಸಮಯದಲ್ಲಿ, ಒಂದು ಭಾನುವಾರ ಸುಬ್ಬಣ್ಣ ಕಣಕ್ಕೆ ಬರಲಿಲ್ಲ. "ಅಪ್ಪಯ್ಯ ಮೌನ ಹಿಡಿದಿದ್ದಾರೆ," ಎಂದ ಹರ್ಷವರ್ಧನ. ಮೂರು ವಾರ ಬಿಟ್ಟು ದರ್ಶನ ಶುರುವಾಯಿತು. ಗೋಡೌನಿನ ಪಕ್ಕದ ಕೋಣೆ, ಅರ್ಧ ಬಾಗಿಲು, ಒಳಗೆ ಮಬ್ಬುಗತ್ತಲಲ್ಲಿ ಕುರ್ಚಿಯ ಮೇಲೆ ಸುಬ್ಬಣ್ಣ. ಬಲಭುಜದ ಮೇಲೆ ಶಾಲು. ಜನ ಸಾಲಾಗಿ ಮುಂದೆ ಬಂದು ಬಗ್ಗುತ್ತಿದ್ದರು. ಅವರು ಎಡಗೈ ಎತ್ತುತ್ತಿದ್ದರು. ಎಡಗೈ ಹೃದಯದ ಕಡೆಯದು, ಅದರ ಆಶೀರ್ವಾದಕ್ಕೆ ಶಕ್ತಿ ಹೆಚ್ಚು ಎಂದು ಮಾತು ಹಬ್ಬಿತು. ಕಳಸದಿಂದ, ವಸ್ತಾರೆಯಿಂದ ಜೀಪು ಮಾಡಿಕೊಂಡು ಜನ ಬಂದರು. ಕಣದಲ್ಲಿ ಜಾಗ ಸಾಲದೆ ಶೀಟಿನ ಚಪ್ಪರ ಹಾಕಿದರು. ದೀಪಶ್ರೀಯೂ ಬಗ್ಗಿ ಬಂದಳು. ಎಡಗೈಯ ವಿಷಯ ಅವಳೂ ನಂಬಿದ್ದಳು.

ಮೊದಲು ಅವಳ ನಿದ್ದೆ ಕೆಡಿಸಿದ್ದು ಜವರಯ್ಯನ ಪ್ರಸಂಗ. ಅಷ್ಟು ಹೊತ್ತಿಗೆ ಬಳಗಕ್ಕೆ ಸೇರಿದ್ದ ಅವನು ತಮ್ಮನ ಮದುವೆಗೆ ಹೋಗಿಬಂದ. ಕುಡಿದಿರಲಿಲ್ಲ, ಹೋಗಿದ್ದಷ್ಟೇ. ಮುಂದಿನ ಭಾನುವಾರ ಹರ್ಷವರ್ಧನ ಪುಸ್ತಕ ತರಿಸಿ, ಜವರಯ್ಯ ಎಷ್ಟೋ ಹಿಂದೆ ಕಣದಲ್ಲಿ ಅಳುತ್ತ ಹೇಳಿಕೊಂಡಿದ್ದ ವಿಷಯವನ್ನು ಇನ್ನೂರು ಜನರ ಮುಂದೆ ಓದಿಸಿದ. ಅದು ಅವನ ನಾದಿನಿಗೆ ಸಂಬಂಧಿಸಿದ ವಿಷಯ. ಓದಿದವನು ದಿಲೀಪ. ವಾರದೊಳಗೆ ಜವರಯ್ಯನ ಹೆಂಡತಿ ತವರಿಗೆ ಹೋದಳು. ಜವರಯ್ಯ ಮನೆಗೆ ಬೀಗ ಹಾಕಿ ಕಳಸದ ಕಡೆ ಕೆಲಸ ಹುಡುಕಿಕೊಂಡು ಹೋದ.

"ನಿಮ್ಮನ್ನು ಚರಂಡಿಯಿಂದ ಎತ್ತಿದೋನು ಅವ್ನು," ಎಂದಳು ದೀಪಶ್ರೀ.

"ಅವ್ನ ಒಳ್ಳೇದಕ್ಕೇ ಓದಿದ್ದು. ಅಹಂಕಾರ ಮುರೀಲಿ ಅಂತ." ದಿಲೀಪ ಅವಳ ಮುಖ ನೋಡದೆ ಹೇಳಿದ.

ಅವಳು ಮುಂದೆ ಮಾತು ಬೆಳೆಸಲಿಲ್ಲ. ಬೆಳೆಸಿದರೆ ಅವನು ಬಳಗ ಬಿಡಬಹುದು. ಬಳಗ ಬಿಟ್ಟರೆ ಮತ್ತೆ ಕುಡಿಯಬಹುದು. ಈ ಎರಡು ಮಾತು ಅವಳ ತಲೆಯಲ್ಲಿ ಹಗಲೆಲ್ಲ ಸುತ್ತುತ್ತಿದ್ದವು. ಕಾಗದಕ್ಕೆ ಸೀಲು ಒತ್ತುವಾಗ, ಅನ್ನ ಬಸಿಯುವಾಗ, ಬಟ್ಟೆ ಒಣಹಾಕುವಾಗಲೂ ಅವು ಬಿಡುತ್ತಿರಲಿಲ್ಲ. ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಅಂಚೆ ಚೀಲ ಬರುವ ಮುಂಚೆಯೇ ನಾಲ್ಕು ಸಲ ರಸ್ತೆಗೆ ಹೋಗಿ ನೋಡಿ ಬರುತ್ತಿದ್ದಳು.

ಮೌನ ಶುರುವಾಗಿ ಎರಡು ವರ್ಷವಾದ ಆ ಫೆಬ್ರವರಿಯಲ್ಲಿ ಹಾಸನದಿಂದ ಸುಬ್ಬಣ್ಣನವರ ಹೆಸರಿಗೆ ಒಂದು ರಿಜಿಸ್ಟರ್ ಕಾಗದ ಬಂತು. ಕಳಿಸಿದವರು ಸುಪ್ರಿಯಾ. ಅಂಥ ಕಾಗದವನ್ನು ವಿಳಾಸದಾರರ ಕೈಗೇ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ಗೇಟು ಕಾಯುವ ಕುಮಾರ್, "ನಾನು ಒಳಗೆ ಕೊಡ್ತೀನಿ ಬಿಡಿ ಅಕ್ಕ," ಎಂದು ಇಸಿದುಕೊಂಡ. ಮಾರನೇ ದಿನ ಕಾಗದ ಒಡೆಯದೆ ಹಾಗೇ ಬಂತು. ಮೇಲೆ, ಸ್ವೀಕರಿಸಲು ನಿರಾಕರಿಸಿದ್ದಾರೆ ಎಂದು ಬರೆದಿತ್ತು. ಅಕ್ಷರ ಅಚ್ಚು ಹಾಕಿದ ಹಾಗೆ. ಎರಡನೇ ಕಾಗದಕ್ಕೂ ಹಾಗೇ ಆಯಿತು.

ಅವಳು ಗಂಡನನ್ನು ಕೇಳಿದಳು. "ಬೇಡ ಅಂತ ಮಾವನೇ ಹೇಳಿದ್ರಾ?"

"ಅಪ್ಪಯ್ಯ ಮೌನದಲ್ಲಿದ್ದಾರಲ್ಲ, ಹೇಳೋದು ಹೆಂಗೆ?"

"ಮತ್ತೆ ನಿರಾಕರಿಸಿದ್ದು ಹೆಂಗೆ?"

ದಿಲೀಪ ಊಟದ ತಟ್ಟೆ ಬಿಟ್ಟು ಎದ್ದ.

ಆ ಹೊತ್ತಿಗೆ ಇನ್ನೊಂದು ವಿಷಯ ಶುರುವಾಗಿತ್ತು. ಧನ್ಯಾ ಎಸ್ಸೆಸ್ಸೆಲ್ಸಿ ಬರೆಯುವವಳಿದ್ದಳು. ಚಿಕ್ಕಮಗಳೂರಿನಲ್ಲಿ ಪಿಯುಸಿ ಸೇರಬೇಕು, ವಿಜ್ಞಾನ ತೆಗೆದುಕೊಳ್ಳಬೇಕು ಎಂದು ಅವಳು ಒಂದು ವರ್ಷದಿಂದ ಹೇಳುತ್ತಿದ್ದಳು. ಬಳಗದ ಮಕ್ಕಳು ಪರೀಕ್ಷೆ ಮುಗಿಸಿ ಎರಡು ವರ್ಷ ಕಣದಲ್ಲೇ ಉಳಿದು ಸೇವೆ ಮಾಡಬೇಕೆಂದು ಹೊಸ ನಿಯಮ ಬಂತು. ದಿಲೀಪ ಒಪ್ಪಿ ಹೆಸರು ಬರೆಸಿ ಬಂದಿದ್ದ. ದೀಪಶ್ರೀ ಆಗುವುದಿಲ್ಲ ಎಂದಳು.

ಮೂರನೇ ದಿನ ಹರ್ಷವರ್ಧನ ಪೋಸ್ಟ್ ಆಫೀಸಿಗೆ ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ಕೂತು, ನೀರು ಕೇಳಿ ಕುಡಿದ.

"ನೀವು ಭಯ ಬಿದ್ದಿದ್ದೀರಿ ಅಕ್ಕ," ಎಂದ ಮೆಲ್ಲಗೆ. "ಭಯ ಇದ್ದಾಗ ಮನುಷ್ಯ ತಪ್ಪು ಮಾಡ್ತಾನೆ. ಆ ಆಷಾಢದ ವಿಷಯ ಧನ್ಯಂಗೆ ಗೊತ್ತಾ?"

ದೀಪಶ್ರೀ ಸೀಲು ಕೆಳಗಿಟ್ಟಳು.

"ಗೊತ್ತಾಗೋದು ಬೇಡ ಅನ್ನೋದೇ ನನ್ನಾಸೆ. ಆದ್ರೆ ಬಳಗದಲ್ಲಿ ಮುಚ್ಚುಮರೆ ಇಲ್ಲ. ಇನ್ನು ದಿಲೀಪಣ್ಣ... ನಾವು ಕೈ ಬಿಟ್ರೆ ಅವ್ರು ಎಷ್ಟು ದಿನ ನಿಲ್ತಾರೆ ಅಂತೀರಿ? ನಿಮಗೇ ಗೊತ್ತಲ್ಲ." ಅವನ ಕಣ್ಣಲ್ಲಿ ನೀರಿತ್ತು. ಅವನು ಹೇಳುವುದನ್ನು ಅವನೇ ಪೂರ್ತಿ ನಂಬಿದ್ದ.

ಸುಪ್ರಿಯಾಳ ಮೂರನೇ ಕಾಗದ ಬಂದದ್ದು ಅದೇ ವಾರ. ದೀಪಶ್ರೀ ಬೆಳಿಗ್ಗೆ ಹನ್ನೊಂದಕ್ಕೆ ಅಂಚೆ ಚೀಲ ಹೆಗಲಿಗೆ ಹಾಕಿಕೊಂಡು ಕಣಕ್ಕೆ ಹೋದಳು. ಕುಮಾರ್ ಕೈ ಚಾಚಿದ.

"ಅವ್ರ ಕೈಗೇ ಕೊಡ್ಬೇಕು. ನಾನಿವತ್ತು ಬಳಗದೋಳಾಗಿ ಬಂದಿಲ್ಲ, ಡ್ಯೂಟಿ ಮೇಲೆ ಬಂದಿದ್ದೀನಿ. ತಡೆದ್ರೆ ಮೂಡಿಗೆರೆ ಆಫೀಸಿಗೆ ಬರೆದು ಕೊಡ್ತೀನಿ," ಎಂದಳು. ಸರ್ಕಾರದ ಮಾತು ಬಂದಾಗ ಕುಮಾರ್ ಹಿಂದೆ ಸರಿದ.

ಅರ್ಧ ಬಾಗಿಲ ಆಚೆ ಇಷ್ಟು ಹತ್ತಿರ ಅವಳು ಯಾವತ್ತೂ ಹೋಗಿರಲಿಲ್ಲ. ಸುಬ್ಬಣ್ಣ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಶಾಲು ಇರಲಿಲ್ಲ. ಬಲಗೈ ತೊಡೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಬಾಯಿ ಒಂದು ಕಡೆ ಜೋತು, ಗಲ್ಲದ ಮೇಲೆ ಜೊಲ್ಲು ಒಣಗಿತ್ತು. ಅವಳ ಅತ್ತೆಗೆ ಲಕ್ವ ಹೊಡೆದಾಗ ಹೀಗೇ ಆಗಿತ್ತು. ನೋಡಿದ ಕ್ಷಣಕ್ಕೇ ಅವಳಿಗೆ ಗೊತ್ತಾಯಿತು. ಎರಡು ವರ್ಷದಿಂದ ಇನ್ನೂರು ಮುನ್ನೂರು ಜನ ಈ ಕಾಯಿಲೆಗೆ ಕೈ ಮುಗಿದು ಬಂದಿದ್ದರು. ಅವರಲ್ಲಿ ಅವಳೂ ಇದ್ದಳು.

"ಮಾವ," ಎಂದಳು.

ಅವರು ಅವಳನ್ನೇ ನೋಡಿದರು. ತುಟಿ ತುಂಬ ಹೊತ್ತು ಅಲುಗಾಡಿ, "ಮಾ... ತು... ಬರಲ್ಲ," ಎಂಬುದು ಹೊರಗೆ ಬಂತು.

ಅವಳು ಕಾಗದ ಒಡೆದು ಓದಿ ಹೇಳಿದಳು. ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಬಾಗಿಲವರೆಗೆ ಬಂದು ವಾಪಸ್ ಹೋಗಿದ್ದೀನಿ ಅಪ್ಪ, ನನ್ನ ಮುಖ ನೋಡುವುದು ಬೇಡ ಎಂದು ನೀವೇ ಹೇಳಿದಿರಂತೆ, ನಾನು ಹಳೆಯದನ್ನು ಮರೆತಿದ್ದೀನಿ, ಒಂದು ಸಲ ಫೋನ್ ಮಾಡಿಸಿ ಎಂದು ಬರೆದಿದ್ದಳು. ಸುಬ್ಬಣ್ಣ ಗಂಟಲಿನಿಂದ ವಿಚಿತ್ರವಾದ ದನಿ ಹೊರಡಿಸಿ ಅತ್ತರು. ಎಡಗೈ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ರಸೀತಿಗೆ ಒತ್ತಿಸಿಕೊಳ್ಳುವಾಗ ಆ ಕೈ ಅವಳ ಬೆರಳುಗಳನ್ನು ಹಿಡಿದು ಬಿಡಲಿಲ್ಲ.

ಬಾಗಿಲಲ್ಲಿ ಹರ್ಷವರ್ಧನ ನಿಂತಿದ್ದ.

"ಡಾಕ್ಟ್ರಿಗೆ ತೋರಿಸಿದ್ರಾ?" ಎಂದು ಕೇಳಿದಳು.

"ಅಪ್ಪಯ್ಯನಿಗೆ ಡಾಕ್ಟ್ರು ಏನು ಮಾಡ್ತಾರೆ ಅಕ್ಕ? ಅವ್ರು ನಮ್ಮೆಲ್ಲರ ಕುಡಿತಾನ ತಮ್ಮ ಮೈಮೇಲೆ ತಗೊಂಡಿದ್ದಾರೆ. ಅದಕ್ಕೇ ಹೀಗಾಗಿರೋದು. ಜನಕ್ಕೆ ಇದು ಅರ್ಥ ಆಗಲ್ಲ ಅಂತ ಮೌನ ಅಂದ್ವಿ."

ಅವಳು ಅವನ ಪಕ್ಕದಿಂದ ಹೊರಗೆ ಬಂದಳು. ಗೇಟಿನಲ್ಲಿ ಫೋನು ಇಸಿದುಕೊಂಡು, ತಿರುವು ದಾಟಿದ ಮೇಲೆ ಕಾಗದದ ಹಿಂದಿನಿಂದ ಬರೆದುಕೊಂಡಿದ್ದ ಸುಪ್ರಿಯಾಳ ನಂಬರಿಗೆ ಕರೆ ಮಾಡಿದಳು.

ಇನ್ನೊಂದು ಕೆಲಸ ಉಳಿದಿತ್ತು. ಆ ಮಧ್ಯಾಹ್ನ ಶಾಲೆಯ ಗೇಟಿನಲ್ಲೇ ಕಾದು ಧನ್ಯಾಳನ್ನು ಕರೆದುಕೊಂಡು ಬರುವಾಗ, ರಸ್ತೆ ಬದಿಯ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂರಿಸಿ, ಆ ಆಷಾಢದ ಸಂಜೆಯ ವಿಷಯವನ್ನೆಲ್ಲ ಹೇಳಿದಳು. ರೊಟ್ಟಿ ತಟ್ಟಿ ಕೊಟ್ಟದ್ದನ್ನೂ ಬಿಡಲಿಲ್ಲ. ಧನ್ಯಾ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

"ಅಪ್ಪ ಸತ್ತೇ ಹೋಗಿದ್ರೆ?"

"ಆಗ ನಂಗೆ ಸಮಾಧಾನ ಆಗಿರೋದು. ಆಮೇಲೆ ಏನಾಗಿರೋದೋ ಗೊತ್ತಿಲ್ಲ."

ಧನ್ಯಾ ಎದ್ದು ಮುಂದೆ ನಡೆದಳು. ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ತಲೆ ಬಾಚಿಸಿಕೊಳ್ಳಲು ಬಂದು ಕೂತಳು. ಕೂತರೂ ಮಾತು ಒಂದೆರಡೇ.

ಭಾನುವಾರ ಸುಪ್ರಿಯಾ ಗಂಡನ ಜೊತೆ ಕಾರಿನಲ್ಲಿ ಬಂದಳು. ದೀಪಶ್ರೀ ಬಣ್ಣದ ಸೀರೆ ಉಟ್ಟು ಅವರ ಜೊತೆ ಕಣದೊಳಗೆ ಹೋದಳು. ಚಪ್ಪರದ ತುಂಬ ಬಿಳಿ ಬಟ್ಟೆ. ಭಜನೆ ನಿಂತಿತು. ಹರ್ಷವರ್ಧನ ಜಗಳಕ್ಕೆ ಬರಲಿಲ್ಲ. ದಿಲೀಪನ ಕಡೆ ತಿರುಗಿ, "ಅಣ್ಣ, ದೀಪಕ್ಕನ ಪುಟ ಓದಿ," ಎಂದ.

ದಿಲೀಪ ಎದ್ದು ನಿಂತ. ಅವನು ಓದುವುದಿಲ್ಲ ಎಂದು ದೀಪಶ್ರೀ ಅಂದುಕೊಂಡಿದ್ದಳು. ಅವನು ಓದಿದ. ಆಳುಗಳ ಹಾಜರಿ ಕೂಗುವ ದನಿಯಲ್ಲಿ, ಒಂದು ಅಕ್ಷರವೂ ತಪ್ಪದೆ, ಚರಂಡಿ, ಕೊಡೆ, ಒಂದು ಗಂಟೆ, ಎಲ್ಲವನ್ನೂ ಓದಿದ. ಸಾಲಿನಲ್ಲಿದ್ದ ಹೆಂಗಸರು ಅವಳ ಕಡೆ ತಿರುಗಿ ನೋಡಿದರು. ಯಾರೋ ಥೂ ಎಂದರು.

ಅವನು ಮುಗಿಸುವವರೆಗೆ ಅವಳು ಕಾದಳು. "ಅದೆಲ್ಲ ನಿಜ," ಎಂದಳು. "ಧನ್ಯಂಗೂ ನಾನೇ ಹೇಳಿದ್ದೀನಿ. ಈಗ ದಾರಿ ಬಿಡಿ. ಮಾವಂಗೆ ಲಕ್ವ ಹೊಡೆದಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

ಹರ್ಷವರ್ಧನ ದಿಲೀಪನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದ. ಸುಪ್ರಿಯಾ ಮತ್ತು ಅವಳ ಗಂಡ ಸುಬ್ಬಣ್ಣನವರನ್ನು ಕುರ್ಚಿ ಸಮೇತ ಎತ್ತಿಕೊಂಡು ಹೊರಗೆ ಬಂದರು. ಜನ ಮುತ್ತಿಕೊಂಡರು. ಕೆಲವರು ಕಾರಿನ ಮುಂದೆ ಅಡ್ಡ ಮಲಗಿದರು. ಒಬ್ಬ ಮುದುಕಿ ಬಾಗಿಲು ಹಿಡಿದುಕೊಂಡು, "ಅಪ್ಪಯ್ಯ, ನಮ್ಮನ್ನು ಬಿಟ್ಟು ಹೋಗ್ಬೇಡಿ," ಎಂದು ಗೋಗರೆದಳು. ಸುಬ್ಬಣ್ಣ ಅವಳ ಮುಖ ನೋಡಿ ಬಹಳ ಕಷ್ಟದಿಂದ ಬಾಯಿ ತೆರೆದರು. "ಆಸ್... ಪತ್ರೆ," ಎಂದರು. ತೊದಲು ಎಲ್ಲರಿಗೂ ಕೇಳಿತು. ಹತ್ತಿಪ್ಪತ್ತು ಜನ ತಲೆ ತಗ್ಗಿಸಿ ಅಲ್ಲಿಂದಲೇ ಹೊರಟುಹೋದರು. ಉಳಿದವರಲ್ಲಿ ಒಬ್ಬ, ಅಪ್ಪಯ್ಯ ನಮ್ಮ ಭಕ್ತಿ ಪರೀಕ್ಷೆ ಮಾಡ್ತಿದ್ದಾರೆ ಎಂದ. ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು. ಕಾರು ಗೇಟು ದಾಟುವಾಗ ಹಿಂದೆ ಮತ್ತೆ ಭಜನೆ ಶುರುವಾಗಿತ್ತು.

ದಿಲೀಪ ಅವತ್ತು ಮನೆಗೆ ಬರಲಿಲ್ಲ. ಕಣದಲ್ಲೇ ಉಳಿದ. ಜಾಗ ನಮ್ಮದು, ಖಾಲಿ ಮಾಡಿ ಎಂದು ಸುಪ್ರಿಯಾ ವಕೀಲರಿಂದ ನೋಟಿಸು ಕೊಡಿಸಿದ ಮೇಲೆ ಬಳಗದವರು ಬೇರೆ ಕಡೆ ಶೆಡ್ಡು ಹಿಡಿದರು. ಕುರ್ಚಿಯ ಮೇಲೆ ಸುಬ್ಬಣ್ಣನವರ ಫೋಟೋ ಇಟ್ಟರು. ಜನ ಕಡಿಮೆಯೇನೂ ಆಗಲಿಲ್ಲ. ಜೂನಿನಲ್ಲಿ ಧನ್ಯಾ ಚಿಕ್ಕಮಗಳೂರಿನ ಕಾಲೇಜಿಗೆ ಸೇರಿ ಹಾಸ್ಟೆಲಿಗೆ ಹೋದಳು.

ಆಗಸ್ಟಿನಲ್ಲಿ ದೀಪಶ್ರೀ ಹಾಸನಕ್ಕೆ ಹೋಗಿ ಸುಬ್ಬಣ್ಣನವರನ್ನು ನೋಡಿದಳು. ದಿನವೂ ವ್ಯಾಯಾಮ ಮಾಡಿಸಿ ಮಾತು ಅರ್ಧ ವಾಪಸ್ ಬಂದಿತ್ತು. ಇನ್ನೂ ಬೇಗ ಕರೆತಂದಿದ್ದರೆ ಪೂರ್ತಿ ಬರುತ್ತಿತ್ತು ಎಂದು ಡಾಕ್ಟರು ಹೇಳಿದ್ದರಂತೆ.

"ನೀವು ಮೊದ್ಲೇ ಅವ್ನನ್ನು ತಡೀಬೇಕಿತ್ತು ಮಾವ," ಎಂದಳು. ಅಷ್ಟು ದಿನದ ಸಿಟ್ಟು ಆ ಒಂದು ಮಾತಿನಲ್ಲಿ ಬಂತು.

ಸುಬ್ಬಣ್ಣ ತಡೆತಡೆದು ಹೇಳಿದರು. "ಅಪ್ಪಯ್ಯ ಅಂತ ಕರೆದಾಗ... ಬೇಡ ಅಂದೆ. ಒಂದ್ಸಲ ಅಂದೆ. ಎರಡನೇ ಸಲ... ಅನ್ನಲಿಲ್ಲ." ಸ್ವಲ್ಪ ಸುಧಾರಿಸಿಕೊಂಡು, "ಚೆನ್ನಾಗಿತ್ತಮ್ಮ... ಕೇಳೋಕೆ," ಎಂದರು.

ಅವಳು ಕಿತ್ತಳೆ ಬಿಡಿಸಿ ಒಂದೊಂದೇ ತೊಳೆ ಅವರ ಎಡಗೈಗೆ ಕೊಟ್ಟಳು.

ದಿಲೀಪ ಬಂದದ್ದು ಅಕ್ಟೋಬರಿನ ಒಂದು ಮಧ್ಯಾಹ್ನ, ಒಂದು ಚೀಲ ಹಿಡಿದುಕೊಂಡು. ಎಸ್ಟೇಟಿನಲ್ಲಿ ಅವನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಒಂದು ದಿನ ಬರೆಯುವಾಗ ಅವನು ಪೆನ್ನು ಕೆಳಗಿಟ್ಟಿದ್ದನಂತೆ. ಒಬ್ಬ ಹೆಂಗಸು ತನ್ನ ಮಗುವಿನ ವಿಷಯ ಹೇಳುತ್ತಿದ್ದಳಂತೆ, ಅದನ್ನು ಬರೆಯಲು ಕೈ ಬರಲಿಲ್ಲವಂತೆ. ಮುಂದಿನ ವಾರ ಅವನ ಪುಟವನ್ನೇ ಬೇರೊಬ್ಬರಿಂದ ಓದಿಸಿದರು. ಇಷ್ಟನ್ನು ಹೇಳಿ ಅವನು ಜಗಲಿಯ ಮೇಲೆ ಕೂತ. ಅವಳು ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಕಾಫಿ ತಂದಿಟ್ಟಳು.

"ನೀನು ಧನ್ಯಂಗೆ ಹೇಳಿದ್ದು ಒಳ್ಳೇದಾಯ್ತು," ಎಂದ. "ನಾನು ಓದ್ಬಾರ್ದಿತ್ತು."

"ಹೂಂ. ಓದ್ಬಾರ್ದಿತ್ತು," ಎಂದಳು.

ಹರ್ಷವರ್ಧನ ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ನವೆಂಬರಿನಲ್ಲಿ ಒಂದು ಸಲ, ಆಮೇಲೆ ಕ್ರಿಸ್‌ಮಸ್ ಹೊತ್ತಿಗೆ ಇನ್ನೊಂದು ಸಲ ದಿಲೀಪ ಕುಡಿದು ಬಂದ. ಎರಡನೇ ಸಲ ದೀಪಶ್ರೀ ಬಾಗಿಲು ಹಾಕಿಕೊಂಡು ಒಳಗೆ ಕೂತು ಅತ್ತಳು. ಮತ್ತೆ ಆ ಶೆಡ್ಡಿಗೇ ಕಳಿಸಿಬಿಡೋಣ ಎಂದೂ ಅವಳಿಗೆ ಅನ್ನಿಸಿತು. ಬೆಳಿಗ್ಗೆ ಎದ್ದು ಅದರ ಬದಲು ಚಿಕ್ಕಮಗಳೂರಿನ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದಳು. ಮಾತ್ರೆ ಕೊಟ್ಟು, ಪ್ರತಿ ಬುಧವಾರ ಬರಲು ಹೇಳಿದರು.

ಈಗ ಬುಧವಾರ ಅವಳು ಅರ್ಧ ದಿನ ರಜೆ ಹಾಕುತ್ತಾಳೆ. ಹೋಗುವಾಗ ಬಸ್ಸಿನಲ್ಲಿ ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಡಾಕ್ಟರ ಹತ್ತಿರ ಮುಗಿಸಿಕೊಂಡು ಧನ್ಯಾಳ ಹಾಸ್ಟೆಲಿಗೆ ಹೋಗುತ್ತಾರೆ. ಮೊದಲ ಮೂರು ವಾರ ಅವಳು ತಂದೆ ಕೇಳಿದ್ದಕ್ಕೆಲ್ಲ ಹೂಂ, ಉಹೂಂ ಎಂದಷ್ಟೇ ಹೇಳುತ್ತಿದ್ದಳು. ಹೋದ ವಾರ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕ ತಂದು, "ಚಿತ್ರಕ್ಕೆ ಹೆಸರು ಬರೆದುಕೊಡಿ, ನನ್ನ ಅಕ್ಷರ ಚೆನ್ನಾಗಿಲ್ಲ," ಎಂದು ಅವನ ಮುಂದೆ ಇಟ್ಟಳು. ದಿಲೀಪ ತುಂಬ ಹೊತ್ತು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ದೀಪಶ್ರೀ ಕೊನೆಯ ಬಸ್ಸಿಗೆ ಎಷ್ಟು ಹೊತ್ತಿದೆ ಎಂದು ಗಡಿಯಾರ ನೋಡುತ್ತ ನಿಂತಿದ್ದಳು.